ಬೆಳೆಯಲೆಂದು ಹಾಕಿದ ಮಡಿಕೆ

ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಹೊಲಿಗೆ ಕಲಿಸುತ್ತೇನೆ. ಬರುವ ಹುಡುಗಿಯರು ಈಗ ಬಟ್ಟೆಗಿಂತ ಮೊದಲು ಮೊಬೈಲು ಹೊರಗೆ ತೆಗೆಯುತ್ತಾರೆ. ಅದರಲ್ಲೊಂದು ಚಿತ್ರ ಇರುತ್ತದೆ. ತೋಳಿಗೆ ಝಾಲರು, ಕೊರಳಿಗೆ ಝಾಲರು, ಸೊಂಟದಿಂದ ಕೆಳಗೆ ಅಂತಸ್ತು ಅಂತಸ್ತಾಗಿ ಝಾಲರು. "ಮೇಡಂ, ಹಿಂಗ ಬೇಕ್ರಿ," ಅನ್ನುತ್ತಾರೆ. ಚಿತ್ರದ ಹುಡುಗಿ ಸಮುದ್ರದ ದಂಡೆಯಲ್ಲಿ ನಿಂತಿದ್ದಾಳೆ, ಗಾಳಿಯೂ ಅವಳ ಪಕ್ಷವೇ. ನಮ್ಮ ಹುಡುಗಿ ಇದನ್ನು ಹಾಕಿಕೊಂಡು ಸಿಟಿ ಬಸ್ಸಿನಲ್ಲಿ ಜೋತುಬಿದ್ದು ಕಾಲೇಜಿಗೆ ಹೋಗಬೇಕು. ಅದನ್ನು ಹೇಳಿದರೆ ಮೇಡಂ ಸಿಡುಕಿ ಎಂದಾಗುತ್ತದೆ. ಆ ಹೆಸರು ನನಗೆ ಚಿಕ್ಕಂದಿನಿಂದಲೂ ಇದೆ, ಇವರೇನು ಹೊಸದಾಗಿ ಇಡಬೇಕಾಗಿಲ್ಲ.

ಅವರು ಫ್ರಿಲ್ ಅನ್ನುತ್ತಾರೆ, ರಫಲ್ ಅನ್ನುತ್ತಾರೆ. ನಮ್ಮ ಕಡೆ ಅದು ಝಾಲರು. ಬಟ್ಟೆಯ ಪಟ್ಟಿಗೆ ದಾರ ಹಾಕಿ ಎಳೆದು, ಸುಕ್ಕು ಸುಕ್ಕಾಗಿ ಬರಿಸಿ ಅಂಚಿಗೆ ಹಚ್ಚುವುದು. ಎಳೆಯದೆ ಕೈಯಿಂದ ಸಮನಾಗಿ ಮಡಚಿ ಕೂಡಿಸಿದರೆ ಅದು ನಿರಿಗೆ. ಎರಡಕ್ಕೂ ಬಟ್ಟೆ ತಿನ್ನುವ ಚಟ. ಒಂದು ಮೊಳದ ಅಂಚಿಗೆ ಎರಡು ಮೂರು ಮೊಳದ ಪಟ್ಟಿ ಬೇಕು. ಅದಕ್ಕೇ ಮೊದಲ ದಿನವೇ ಹೇಳಿಬಿಡುತ್ತೇನೆ, ಝಾಲರು ಅಂದರೆ ಬಟ್ಟೆ ಹೆಚ್ಚಾದವರ ಆಟ ಎಂದು. ಹಾಗೆ ಹೇಳುವಾಗ ನನಗೇ ಒಳಗೊಳಗೆ ನಗು ಬರುತ್ತದೆ. ಯಾಕೆಂದರೆ ನಾನು ಬೆಳೆದ ಖಾನಾಪುರದ ಮನೆಯಲ್ಲಿ ಝಾಲರು ಹಚ್ಚುತ್ತಿದ್ದುದು ಬಟ್ಟೆ ಕಡಿಮೆ ಬಿದ್ದಾಗ.

ನಮ್ಮಪ್ಪ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಅವ್ವ ಮನೆಯಲ್ಲೇ ಹೊಲಿಯುತ್ತಿದ್ದಳು, ಊರಿಗಲ್ಲ, ನಮಗೆ. ನಾನು, ನನ್ನ ತಂಗಿ, ಇಬ್ಬರೂ ಹುಡುಗಿಯರು. ಮಳೆಗಾಲದಲ್ಲಿ ಹಿತ್ತಲಿನ ಬಳ್ಳಿ ಹೇಗೆ ಕೈಗೆ ಸಿಗದೆ ಏರುತ್ತದೋ ಹಾಗೆ ಬೆಳೆಯುತ್ತಿದ್ದೆವು ಎಂದು ಅವ್ವನ ದೂರು. ಅವಳ ಉಪಾಯ ಹೀಗಿತ್ತು. ನಮ್ಮ ಪರಕರ, ಅಂದರೆ ಲಂಗ, ಹೊಲಿಯುವಾಗ ಬೇಕಾದ್ದಕ್ಕಿಂತ ಉದ್ದಕ್ಕೆ ಹೊಲಿಯುವುದು. ಹೆಚ್ಚಾದ ಉದ್ದವನ್ನು ಕೆಳಗಿನ ಅಂಚಿಗಿಂತ ಸ್ವಲ್ಪ ಮೇಲೆ, ಸುತ್ತಲೂ ಒಂದು ದೊಡ್ಡ ಮಡಿಕೆಯಾಗಿ ಮಡಚಿ ಹೊಲಿದುಬಿಡುವುದು. ಬಟ್ಟೆ ಚೆನ್ನಾಗಿದ್ದರೆ ಎರಡು ಮಡಿಕೆ. ವರ್ಷಕ್ಕೊಂದು ಬಿಚ್ಚಿದರೆ ಪರಕರವೂ ನಮ್ಮ ಜೊತೆ ಬೆಳೆಯುತ್ತದೆ.

"ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿದಂಗಾತು," ಎಂದು ಅಪ್ಪ ನಗಾಡುತ್ತಿದ್ದ. "ಅವು ಬೆಳಿಯೂದು ಬಿಟ್ಟು ಎಲ್ಲಿ ಹೊಕ್ಕಾವು?" ಎಂದು ಅವ್ವ ಸೂಜಿಯ ಕಡೆಯಿಂದ ಕಣ್ಣೆತ್ತದೆ ಹೇಳುತ್ತಿದ್ದಳು.

ಮಡಿಕೆಯ ಹೊಲಿಗೆಯನ್ನು ಅವಳು ಕಲಿತದ್ದು ಯಾವ ಕ್ಲಾಸಿನಲ್ಲೂ ಅಲ್ಲ. ಗಿರಣಿಯಿಂದ ಬರುತ್ತಿದ್ದ ಅಕ್ಕಿ ಚೀಲದ ಬಾಯಿಗೆ ಸರಪಳಿಯಂಥ ಹೊಲಿಗೆ ಇರುತ್ತಿತ್ತು. ಸರಿಯಾದ ತುದಿ ಹಿಡಿದು ಎಳೆದರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ತಪ್ಪು ತುದಿ ಹಿಡಿದರೆ ಗಂಟು ಬಿದ್ದು ಕೂತುಬಿಡುತ್ತದೆ. ಅದನ್ನು ನೋಡಿ ನೋಡಿ ಅವ್ವ ಸೂಜಿಯಲ್ಲಿ ಅದೇ ಹೊಲಿಗೆ ಹಾಕಲು ಕಲಿತಳು. ಕತ್ತರಿ ಬೇಡ, ಬ್ಲೇಡು ಬೇಡ, ಬಟ್ಟೆಗೆ ಗಾಯವಾಗುವ ಭಯವಿಲ್ಲ. ದಾರದ ಬಿಚ್ಚುವ ತುದಿಯನ್ನು ಒಳಗಡೆ ಸಣ್ಣ ಹೂಗಂಟು ಹಾಕಿ ಬಿಡುತ್ತಿದ್ದಳು.

ಜೂನ್ ತಿಂಗಳಲ್ಲಿ ಸಾಲಿ ಶುರುವಾಗುವ ಮುಂಚಿನ ದಿನ ನಮ್ಮ ಮನೆಯಲ್ಲಿ ಮಡಿಕೆ ಬಿಚ್ಚುವ ದಿನ. ಹೊರಗೆ ಖಾನಾಪುರದ ಮಳೆ. ಅದು ಹೆಸರಿಗೆ ತಕ್ಕ ಮಳೆ, ಒಮ್ಮೆ ಹಿಡಿದರೆ ಹಂಚಿನ ಮೇಲೆ ಮಾತಾಡಲು ಬೇರೆ ಯಾರಿಗೂ ಬಿಡುವುದಿಲ್ಲ. ಅವ್ವ ನಮ್ಮನ್ನು ಒಬ್ಬೊಬ್ಬರನ್ನಾಗಿ ಅಡುಗೆಮನೆಯ ಹೊಸ್ತಿಲ ಮೇಲೆ ನಿಲ್ಲಿಸಿ, ತಾನು ಕೆಳಗೆ ಕೂತು, ಗಂಟು ಬಿಚ್ಚಿ, ದಾರದ ತುದಿಯನ್ನು ನಮ್ಮ ಕೈಗೇ ಕೊಡುತ್ತಿದ್ದಳು.

"ಎಳಿ," ಅನ್ನುತ್ತಿದ್ದಳು. "ಮೆಲ್ಲಕ."

ಮೆಲ್ಲಗೆ ಎಳೆಯುವವರು ಯಾರು? ಎಳೆದ ಕೂಡಲೇ ದಾರ ಕಚಗುಳಿ ಇಡುತ್ತ ಸುತ್ತಲೂ ಓಡಿ ಬರುತ್ತಿತ್ತು, ಪರಕರ ಮೊಣಕಾಲಿಂದ ಧೊಪ್ಪನೆ ಕೆಳಗೆ ಇಳಿಯುತ್ತಿತ್ತು. ಆ ಒಂದು ಕ್ಷಣದಲ್ಲಿ ನಾನು ನಿಜವಾಗಿಯೂ ಉದ್ದವಾದೆ ಅನ್ನಿಸುತ್ತಿತ್ತು. ಈಗಲೂ ಆ ಸುಖವನ್ನು ಯಾರಾದರೂ ತಿರುಗಿ ಕೊಡುವುದಾದರೆ ಏನು ಬೇಕಾದರೂ ಬಿಟ್ಟುಕೊಟ್ಟೇನು.

ಸುಖದ ಹಿಂದೆಯೇ ನಾಚಿಕೆ ಇತ್ತು. ವರ್ಷವಿಡೀ ಮಡಿಕೆಯ ಒಳಗಿದ್ದ ಬಟ್ಟೆಗೆ ಬಿಸಿಲು ಬಡಿದಿಲ್ಲ, ಸಾಬೂನು ತಾಕಿಲ್ಲ. ಅದು ಅಂಗಡಿಯಿಂದ ತಂದ ದಿನದ ಬಣ್ಣದಲ್ಲೇ ಇರುತ್ತಿತ್ತು. ಉಳಿದ ಪರಕರ ಮಾಸಿ, ನಡುವೆ ಮಾತ್ರ ಸುತ್ತಲೂ ಒಂದು ಗಾಢ ಪಟ್ಟೆ. ಸಾಲಿಯಲ್ಲಿ ಅದನ್ನು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು, ಇದು ಹಳೆಯ ಪರಕರ ಎಂದು. ಆ ಪಟ್ಟೆಯನ್ನು ಮುಚ್ಚಲೆಂದೇ ನಮ್ಮ ಮನೆಗೆ ಝಾಲರು ಬಂದದ್ದು.

ಬಾಜೂ ಮನೆಯಲ್ಲಿ ಒಬ್ಬ ಖಾಲಾ ಇದ್ದರು. ಮನೆಯಲ್ಲಿ ದಖನಿ, ನಮ್ಮ ಜೊತೆ ಕನ್ನಡ, ಭಾಜಿಯವಳ ಜೊತೆ ಮರಾಠಿ. ಈದ್ ಹತ್ತಿರ ಬಂದರೆ ಅವರ ಮಿಷನ್ನು ಹಗಲಿಡೀ ಓಡುತ್ತಿತ್ತು, ಸಂಬಂಧಿಕರ ಮಕ್ಕಳಿಗೆಲ್ಲ ಫ್ರಾಕು. ಉಳಿದ ತುಂಡುಗಳನ್ನು ಗೋಡೆಯ ಮೇಲಿಂದ ಅವ್ವನಿಗೆ ಕೊಡುತ್ತಿದ್ದರು. ಝಾಲರು ಎಳೆಯುವುದನ್ನು, ಬಟ್ಟೆ ನೆನೆಸಿ ಉಗುರಿನಿಂದ ನಿರಿಗೆ ತೀಡಿ ಒರಳುಕಲ್ಲಿನ ಕೆಳಗೆ ಒತ್ತಿಡುವುದನ್ನು ಅವ್ವನಿಗೆ ಕಲಿಸಿದವರು ಅವರೇ. "ಝಾಲರ್ ಹಚ್ಚಿದ್ರ ಯಾವ ಬಟ್ಟಿನೂ ನಗತೈತಿ ನೋಡ್ ಬಹೆನಾ," ಅನ್ನುತ್ತಿದ್ದರು. ಹೀಗೆ ನನ್ನ ನೀಲಿ ಪರಕರದ ಪಟ್ಟೆಯ ಮೇಲೆ ಗುಲಾಬಿ ಝಾಲರು ನಗುತ್ತಿತ್ತು. ನನಗೆ ಮಾತ್ರ ನಗು ಬರುತ್ತಿರಲಿಲ್ಲ.

ನನ್ನದು ಮುಗಿದ ಮೇಲೆ ಅದೇ ಪರಕರ ತಂಗಿಗೆ. ಅವಳು ಗಿಡ್ಡ, ಆದ್ದರಿಂದ ಬಿಚ್ಚಿದ ಮಡಿಕೆಯನ್ನು ಮತ್ತೆ ಹಾಕಬೇಕು. ಮತ್ತೆ ಅಕ್ಕಿ ಚೀಲದ ಹೊಲಿಗೆ, ಮತ್ತೆ ಹೂಗಂಟು, ಮತ್ತೆ ಜೂನ್. ಒಂದೇ ಬಟ್ಟೆ ಇಳಿದು ಏರಿ, ಏರಿ ಇಳಿದು, ಕೊನೆಗೆ ಒರೆಸುವ ಅರಿವೆಯಾಗಿ ನಿವೃತ್ತಿ ಹೊಂದುತ್ತಿತ್ತು.

ಒಂದು ವರ್ಷ ಸಾಲಿಯ ಗ್ಯಾದರಿಂಗಿನಲ್ಲಿ ನಾನು ಕೋಲಾಟಕ್ಕಿದ್ದೆ. ಹಟ ಮಾಡಿ ಹೊಸ ಪರಕರ ಹೊಲಿಸಿಕೊಂಡಿದ್ದೆ. ಅಂಚಿಗೆ ಎರಡು ಸಾಲು ಝಾಲರು, ಅದೂ ಅದೇ ಬಟ್ಟೆಯದು. ಮಡಿಕೆ ಬೇಡವೇ ಬೇಡ ಎಂದು ಅತ್ತಿದ್ದೆ. "ಬರೇ ಒಂದ ದಿನಾ ಹಾಕ್ಕೊಂಡು ಬಿಸಾಡತೀಯೇನ? ಮುಂದಿನ ವರ್ಷ ಬ್ಯಾಡೇನ?" ಎಂದು ಅವ್ವ ಎರಡು ಮಡಿಕೆ ಹಾಕಿಯೇ ಬಿಟ್ಟಳು. ವೇದಿಕೆಯ ಮೇಲೆ ಸುತ್ತು ಹೊಡೆಯುವಾಗ ಜೊತೆಯವಳ ಕೋಲಿಗೋ ಬಳೆಗೋ ನನ್ನ ಒಳಗಿನ ಹೂಗಂಟು ಸಿಕ್ಕಿತು. ಸರಿಯಾದ ತುದಿಯೇ ಸಿಕ್ಕಿತು, ಅದು ನನ್ನ ಹಣೆಬರಹ. ಅವಳು ಆ ಕಡೆ ಹೋದಳು, ದಾರ ಅವಳ ಹಿಂದೆ ಹೋಯಿತು, ಎಲ್ಲರ ಕಣ್ಣೆದುರಿಗೆ ನನ್ನ ಪರಕರ ಇಳಿದು ಪಾದ ಮುಚ್ಚಿ ನೆಲ ಗುಡಿಸತೊಡಗಿತು.

ನಾನು ನಿಂತುಬಿಟ್ಟೆ. ಮಂದಿ ನಗುತ್ತಿದ್ದರು. ಆಗ ಹೆಂಗಸರು ಕೂತ ಕಡೆಯಿಂದ ಅವ್ವನ ದನಿ ಕೇಳಿಸಿತು. "ನಿಂದರಬ್ಯಾಡ. ಎತ್ತಿ ಹಿಡ್ಕೊಂಡು ಕುಣಿ."

ಒಂದು ಕೈಯಲ್ಲಿ ಪರಕರ, ಒಂದು ಕೈಯಲ್ಲಿ ಕೋಲು ಹಿಡಿದು ಕುಣಿದು ಮುಗಿಸಿದೆ. ಮನೆಗೆ ಬರುವ ದಾರಿಯುದ್ದಕ್ಕೂ ಅವ್ವನಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದೆ. ಅವಳು ಒಮ್ಮೆ ಮಾತ್ರ, "ಹೊಲಿಗಿ ಮಾತ್ರ ಚಲೋ ಬಿಚ್ಚಿತು ನೋಡು," ಅಂದಳು. ಅದರಲ್ಲಿ ಅವಳಿಗೆ ಹೆಮ್ಮೆಯೇ ಇತ್ತು.

ನಾನು ಮದುವೆಯಾಗಿ ಬೆಳಗಾವಿಗೆ ಬಂದೆ. ಸಿಟ್ಟಿನಲ್ಲಿ ಬಿಟ್ಟುಬಿಡುತ್ತೇನೆ ಎಂದುಕೊಂಡ ಹೊಲಿಗೆಯೇ ಕೈ ಹಿಡಿಯಿತು. ತಂಗಿಯ ಮದುವೆಯ ಹೊತ್ತಿಗೆ ನಾನು ಅವ್ವನನ್ನು ಪೇಟೆಗೆ ಕರೆದುಕೊಂಡು ಹೋಗಿ ಗಿಣಿ ಹಸಿರು ಬಣ್ಣದ ಪಾಪ್ಲಿನ್ ಕೊಡಿಸಿದ್ದೆ, ಅವಳು ಸೀರೆಯ ಒಳಗೆ ಉಡುವ ಪರಕರಕ್ಕೆ. ಮದುವೆಗೆ ಎರಡು ದಿನ ಮೊದಲು ಖಾನಾಪುರಕ್ಕೆ ಹೋದರೆ ಅದು ಹಗ್ಗದ ಮೇಲೆ ಒಣಗುತ್ತಿತ್ತು. ಕೆಳಗಿನ ಅಂಚಿಗೆ ಗೇಣುದ್ದದ ಝಾಲರು, ಪೂರ್ತಿ ಸಣ್ಣ ಸಣ್ಣ ನಿರಿಗೆ, ಒಂದೂ ಹೆಚ್ಚುಕಡಿಮೆಯಿಲ್ಲ, ಎಲ್ಲ ಉಗುರಿನಿಂದ ತೀಡಿದ್ದು. ಅಷ್ಟು ಚಂದದ ಕೆಲಸ ಅವಳು ನಮ್ಮ ಯಾವ ಬಟ್ಟೆಗೂ ಮಾಡಿರಲಿಲ್ಲ. ಅದು ಯಾವ ಪಟ್ಟೆಯನ್ನೂ ಮುಚ್ಚಬೇಕಾಗಿರಲಿಲ್ಲ, ಉದ್ದ ಸಾಲದೆ ಹಚ್ಚಿದ್ದೂ ಅಲ್ಲ.

"ಸೀರಿ ಒಳಗಿಂದು ಯಾರು ನೋಡತಾರಬೇ?" ಎಂದು ಕೇಳಿದೆ.

"ನಾ ನೋಡತೀನಲ್ಲ," ಅಂದಳು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನಮ್ಮನ್ನು ಬೈಯುತ್ತಿದ್ದವಳು ಇವಳೇ. ಆ ಹಸಿರು ಪರಕರವನ್ನು ಅವಳು ಹೊರಗೆ ಹೊರಟಾಗ ಮಾತ್ರ ಉಡುತ್ತಿದ್ದಳು. ಮನೆಯಲ್ಲಿ ಉಡಲು ಬೇರೆ ಇದ್ದವು, ಅವಕ್ಕೂ ಮೆಲ್ಲಮೆಲ್ಲಗೆ ಝಾಲರು ಬಂದವು. ಹಸಿರಿನದಕ್ಕೆ ಮಾತ್ರ ಸರಿಸಾಟಿ ಬರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆ ಇರಲು ಬಂದಳು. ಬರುವಾಗ ಟ್ರಂಕಿನಲ್ಲಿ ಕತ್ತರಿಯೂ ಸೂಜಿಪೆಟ್ಟಿಗೆಯೂ ಬಂದವು. ಮೊದಲ ವಾರ ನನ್ನ ಕ್ಲಾಸಿನ ಹುಡುಗಿಯರ ಹೊಲಿಗೆ ತಿರುವಿ ನೋಡಿ, ಹಿಂದಿನ ಭಾಗವೇ ಹೊಲಿಗೆಯ ಮುಖ ಎಂದು ಹೇಳಿ ಎಲ್ಲರನ್ನೂ ಹೆದರಿಸಿದಳು. ಆಮೇಲೆ ತನ್ನದೇ ಒಂದು ದಿನಚರಿ ಹಾಕಿಕೊಂಡಳು. ಸಂಜೆ ಆಯಿತೆಂದರೆ ಹಸಿರು ಪರಕರ ಉಟ್ಟು, ಮೇಲೆ ಇಳಕಲ್ ಸೀರೆ ಉಟ್ಟು, ಓಣಿಯ ತುದಿಯ ಕಟ್ಟೆಗೆ ಹೋಗುವುದು. ಅಲ್ಲಿ ಅವಳ ವಯಸ್ಸಿನ ಹೆಂಗಸರು ಸೇರುತ್ತಿದ್ದರು. ಅರ್ಧ ಮಾತು ಕನ್ನಡ, ಅರ್ಧ ಮಾತು ಮರಾಠಿ, ಮಧ್ಯದಲ್ಲಿ ಯಾವ ಮಾತು ಯಾವುದರದೆಂದು ಕೇಳುವವರಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ಅದೊಂದೇ ಅವಳ ಸ್ವಂತದ್ದಾಗಿತ್ತು. ನಾನು ಜೊತೆಗೆ ಹೋಗುವುದು ಅವಳಿಗೆ ಬೇಕಿರಲಿಲ್ಲ. ಗೇಟಿನ ಮೆಟ್ಟಿಲು ಇಳಿಯುವ ತನಕ ಮೊಣಕೈ ಹಿಡಿಯಬಹುದು, ಅಲ್ಲಿಂದ ಮುಂದೆ ಬಿಡಬೇಕು.

ಮನುಷ್ಯರು ಮುಪ್ಪಿನಲ್ಲಿ ಕುಗ್ಗುತ್ತಾರೆ ಎಂದು ಕೇಳಿದ್ದೆ. ಕಣ್ಣೆದುರಿಗೆ ಆಗುವಾಗ ಕಾಣುವುದಿಲ್ಲ. ಅವಳ ನೆತ್ತಿ ನನ್ನ ಕಿವಿಯ ಹತ್ತಿರ ಬರುತ್ತಿತ್ತು, ನಾನು ಉದ್ದ ಅದಕ್ಕೇ ಹಾಗೆ ಎಂದುಕೊಂಡಿದ್ದೆ. ಚಿಕ್ಕಂದಿನಿಂದ ಎಲ್ಲರೂ ಹೇಳಿದ್ದು ಅದನ್ನೇ. ಇದು ಅಪ್ಪನ ಕಡೆ, ಉದ್ದ ಆಗತೈತಿ, ಅವ್ವನ್ನ ಮೀರಸತೈತಿ. ಅವ್ವನೂ ಅದನ್ನೇ ಹೇಳುತ್ತಿದ್ದಳು. ನಾನು ಅದನ್ನು ನಂಬಿ, ಬಂದವರ ಮುಂದೆ ಆಗಾಗ ಹೇಳಿಕೊಳ್ಳುತ್ತಿದ್ದೆ ಕೂಡ.

ಪರಕರ ಉದ್ದವಾಗತೊಡಗಿತು. ಅದೇನು ಬೆಳೆಯುವುದಿಲ್ಲ, ಅವಳು ಇಳಿಯುತ್ತಿದ್ದಳು. ಮೊದಲು ಲಾಡಿಯನ್ನು ಇನ್ನಷ್ಟು ಮೇಲೆ, ಪಕ್ಕೆಲುಬಿನ ಮೇಲೆ ಕಟ್ಟಿಕೊಂಡಳು. ಉಸಿರು ಕಟ್ಟುತ್ತದೆ ಎಂದು ಮತ್ತೆ ಕೆಳಗಿಳಿಸಿದಳು. ಆಮೇಲೆ ನಡೆಯುವಾಗ ಬಲಗೈಯಿಂದ ಸೀರೆಯನ್ನೂ ಪರಕರವನ್ನೂ ಕೂಡಿಸಿ ಎತ್ತಿ ಹಿಡಿಯತೊಡಗಿದಳು. ಅದೇ ಕೋಲಾಟದ ಉಪಾಯ. ಆದರೆ ಗೋಡೆ ಹಿಡಿಯಬೇಕಾದ ಕೈ ಅದು. ಒಂದು ಸಂಜೆ ನಾನು ಮೊಣಕೈ ಬಿಟ್ಟು ಗೇಟಿನ ಅಗುಳಿ ತೆಗೆಯುವಷ್ಟರಲ್ಲಿ ಝಾಲರು ಕಾಲಿಗೆ ಸಿಕ್ಕಿ ಮೆಟ್ಟಿಲ ಮೇಲೆ ಬಿದ್ದಳು.

ದೇವರು ದೊಡ್ಡವನು, ಮೂಳೆ ಮುರಿಯಲಿಲ್ಲ. ಡಾಕ್ಟರು ಅವಳನ್ನು ಬಿಟ್ಟು ನನಗೇ ಹೇಳಿದರು, ಇನ್ನೊಂದು ಸಲ ಬಿದ್ದರೆ ಏಳುವುದು ಕಷ್ಟ ಎಂದು.

ಮನೆಗೆ ಬಂದವಳೇ ಕತ್ತರಿ ತೆಗೆದುಕೊಂಡೆ. ಕೆಳಗೆ ಗೇಣುದ್ದ ಕತ್ತರಿಸಿ ಅಂಚು ಹೊಲಿದರೆ ಮುಗಿಯಿತು, ಊಟದ ಹೊತ್ತಿನೊಳಗೆ ಆಗುವ ಕೆಲಸ. ಕತ್ತರಿಸಿದರೆ ಹೋಗುವುದು ಝಾಲರು. ಅವ್ವ ಪರಕರವನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

"ಕತ್ತರಿ ಹಾಕಬ್ಯಾಡ."

"ಹಂಗಾದ್ರ ರೆಡಿಮೇಡ ತರತೀನಿ. ಎಲಾಸ್ಟಿಕ್ ಇರತೈತಿ, ಹಗರ ಇರತೈತಿ."

ತಂದೂ ಕೊಟ್ಟೆ. ಒಮ್ಮೆ ಉಟ್ಟು ನೋಡಿ, ಬಿಚ್ಚಿ ಮಡಚಿ ನನ್ನ ಕೈಗೆ ಕೊಟ್ಟಳು. "ಗೋಣಿಚೀಲ ಆತು," ಅಂದಳು. ಮೇಲಿನ ತುದಿಯಲ್ಲಿ ಕತ್ತರಿಸೋಣ, ಝಾಲರು ಉಳಿಯುತ್ತದೆ ಅಂದೆ. ಅದಕ್ಕೂ ಒಪ್ಪಲಿಲ್ಲ. "ಕತ್ತರಿಸಿದ್ದು ತಿರುಗಿ ಬರೂದಿಲ್ಲ," ಅನ್ನುವುದೊಂದೇ ಮಾತು. ನನಗೆ ಸಿಟ್ಟು ಬಂತು. ಈ ವಯಸ್ಸಿನಲ್ಲಿ ಒಳಪರಕರದ ಮೇಲೆ ಇಷ್ಟು ಆಸೆಯೇ ಅನ್ನಿಸಿತು, ಅಂದೂಬಿಟ್ಟೆ. ಗಿಡ್ಡ ಮಾಡುವ ತನಕ ಹೊರಗೆ ಹೋಗಕೂಡದು ಅಂದೆ. "ಹೋಗೂದಿಲ್ಲ ಬಿಡು," ಅಂದಳು.

ಹೋಗಲೂ ಇಲ್ಲ. ಇಬ್ಬರದೂ ಒಂದೇ ರಕ್ತ, ಹಟಕ್ಕೆ ಕೊರತೆಯಿಲ್ಲ. ಆ ಮಳೆಗಾಲ ಪೂರ್ತಿ ಸಂಜೆಯಾದರೆ ಅವ್ವ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತಿರುತ್ತಿದ್ದಳು. ಕಟ್ಟೆಯ ಹೆಂಗಸರು ಒಂದೆರಡು ಸಲ ಬಂದು ಹೋದರು. ಆಮೇಲೆ ಅವರಿಗೂ ಮಂಡಿ ನೋವು, ಮಳೆ. ಊಟ ಕಡಿಮೆಯಾಯಿತು. ಹುಡುಗಿಯರ ಹೊಲಿಗೆ ತಿರುವಿ ನೋಡುವುದು ನಿಂತಿತು. ಕ್ಲಾಸಿನಲ್ಲಿ ಯಾರಾದರೂ ನಿರಿಗೆ ಸೊಟ್ಟ ಹಾಕಿದರೆ ಅವಳ ಬಾಯಿಂದ ಒಂದು ಮಾತು ಬರಲಿ ಎಂದು ನಾನು ಕಾಯುತ್ತಿದ್ದೆ. ಬರುತ್ತಿರಲಿಲ್ಲ. ಅವಳು ಬಿದ್ದರೆ ಏಳುವುದಿಲ್ಲ ಎಂದು ನಾನು ಹೆದರಿದ್ದೆ. ಈಗ ಬೀಳದೆಯೇ ಕೂತುಬಿಟ್ಟಿದ್ದಾಳೆ, ಅದೂ ನನ್ನ ಮಾತಿನಿಂದ ಎಂದು ಹೆದರಿಕೆಯಾಯಿತು.

ಒಂದು ಮಧ್ಯಾಹ್ನ ತಂಗಿಯ ಫೋನು ಬಂತು. ಅದೂ ಇದೂ ಮಾತಾಡುತ್ತ ಅವಳು ಹಳೆಯ ದೂರು ತೆಗೆದಳು, ಹುಟ್ಟಿದಾಗಿನಿಂದ ನಿನ್ನ ಇಳಿದ ಬಟ್ಟೆ ಹಾಕಿಕೊಂಡೇ ಬೆಳೆದೆ, ನಿನಗೆ ಬಿಚ್ಚಿದ ಮಡಿಕೆಯನ್ನು ನನಗೆ ಹಾಕುತ್ತಿದ್ದಳು ಅವ್ವ ಎಂದು. ನಗಲು ಹೋದವಳಿಗೆ ಥಟ್ಟನೆ ಹೊಳೆಯಿತು. ಇಷ್ಟು ವರ್ಷ ಮಂದಿಗೆ ಹೊಲಿಗೆ ಕಲಿಸಿದ್ದೇನೆ. ಮಡಿಕೆ ಅಂದರೆ ಬೆಳೆಯುವವರಿಗೆ ಎಂದು ತಲೆಯಲ್ಲಿ ಕೂತುಬಿಟ್ಟಿತ್ತು. ಗಿಡ್ಡಾದವರಿಗೂ ಹಾಕುತ್ತಾರೆ ಎಂಬುದು ಮರೆತೇಹೋಗಿತ್ತು.

ಹಸಿರು ಪರಕರ ಎತ್ತಿಕೊಂಡು ಹೋಗಿ ಅವ್ವನ ಮುಂದೆ ನಿಂತೆ. "ಏಳು, ಹೊಸ್ತಿಲದಾಗ ನಿಂದರು," ಅಂದೆ.

"ಯಾಕ?"

"ಮಡಿಕಿ ಹಾಕತೀನಿ."

ಅವಳು ನನ್ನ ಮುಖ ನೋಡಿದಳು. ಬಹಳ ದಿನದ ಮೇಲೆ ಕಣ್ಣಿನಲ್ಲಿ ತುಂಟತನ ಬಂತು. "ನಾ ಏನ ಬೆಳೀತೀನೇನ ಇನ್ನ?"

"ಬೆಳೀಲಿ ಅಂತನ ಹಾಕೂದು."

ಹೊಸ್ತಿಲ ಮೇಲೆ ನಿಂತಳು, ಚೌಕಟ್ಟು ಹಿಡಿದುಕೊಂಡು. ನಾನು ಕೆಳಗೆ ಕೂತು ಅಳತೆ ತೆಗೆದೆ. ಅವಳ ಹಿಮ್ಮಡಿಗಳು ಒಡೆದಿದ್ದವು. ಝಾಲರಿನ ನಿರಿಗೆ ಅಷ್ಟು ವರ್ಷವಾದರೂ ಸೆಟೆದು ನಿಂತಿತ್ತು. ಅದನ್ನು ಮುಟ್ಟದೆ, ಅದರ ಮೇಲೆಯೇ ಸುತ್ತಲೂ ಮಡಚಿ ಟಾಚಣಿ ಚುಚ್ಚಿದೆ. ಮಿಷನ್ನಿನ ಮೇಲೆ ಸುತ್ತು ಹಾಕಿ ಹತ್ತು ನಿಮಿಷದಲ್ಲಿ ತಂದುಕೊಟ್ಟೆ. ಅವ್ವ ಹೆಬ್ಬೆರಳಿನಿಂದ ಹೊಲಿಗೆ ಸವರಿ ನೋಡಿದಳು.

"ಇದು ಬ್ಯಾಡ. ಬಿಚ್ಚಾಕ ಬರಬೇಕು."

"ಯಾರು ಬಿಚ್ಚತಾರಬೇ ಇದನ್ನ?"

"ಬಿಚ್ಚಾಕ ಬರಬೇಕು ಅಷ್ಟ," ಅಂದಳು.

ಮಿಷನ್ನಿನ ಹೊಲಿಗೆಯನ್ನು ಗೊಣಗುತ್ತ ಬಿಚ್ಚಿದೆ. ಅಕ್ಕಿ ಚೀಲದ ಹೊಲಿಗೆ ನನ್ನ ಕೈಗೆ ಮರೆತಿತ್ತು. ಅವ್ವ ಪಕ್ಕದಲ್ಲಿ ಕೂತು, ಕುಣಿಕೆಯೊಳಗಿಂದ ಕುಣಿಕೆ ತೆಗೆಯುವುದನ್ನು ತೋರಿಸಿದಳು. ಅರ್ಧ ಅವಳು ಹಾಕಿದಳು, ಅರ್ಧ ನಾನು. ಕೊನೆಯ ಹೂಗಂಟು ಮಾತ್ರ ನನಗೆ ಬಿಡಲಿಲ್ಲ. "ಸಾಲಿ ಸುರು ಆದಮ್ಯಾಲೆ ಬಿಚ್ಚೂಣು," ಎಂದು ತಾನೇ ಕಟ್ಟಿದಳು. ಆ ಮಧ್ಯಾಹ್ನ ನಾವಿಬ್ಬರೂ ಎಷ್ಟು ಸುಖವಾಗಿದ್ದೆವು ಎಂದರೆ, ಚಹಾ ಮಾಡುವುದನ್ನೇ ಮರೆತಿದ್ದೆವು.

ಸಂಜೆ ಅವ್ವ ಕಟ್ಟೆಗೆ ಹೋದಳು. ಗೇಟಿನ ಮೆಟ್ಟಿಲ ತನಕ ಮೊಣಕೈ ಹಿಡಿದೆ. ಅವಳ ಬಲಗೈ ಖಾಲಿಯಾಗಿತ್ತು, ಗೋಡೆ ಹಿಡಿದುಕೊಂಡು ಇಳಿದಳು. ಮೆಟ್ಟಿಲು ದಾಟಿದ ಕೂಡಲೇ, "ಬಿಡು ಇನ್ನ," ಅಂದಳು. ನಾನು ಗೇಟಿನಲ್ಲೇ ನಿಂತು ಅವಳು ಓಣಿಯ ತುದಿ ಮುಟ್ಟುವ ತನಕ ನೋಡುತ್ತಿದ್ದೆ. ಅವಳಿಗೆ ಗೊತ್ತಿತ್ತು, ತಿರುಗಿ ನೋಡಲಿಲ್ಲ.

ಮುಂದೆ ಎರಡನೆಯ ಮಡಿಕೆಯೂ ಬೇಕಾಯಿತು. ಅದನ್ನೂ ಹೊಸ್ತಿಲ ಮೇಲೆಯೇ ಅಳೆದು ಹಾಕಿದೆವು. ಆ ಪರಕರ ಉಟ್ಟೇ ಒಮ್ಮೆ ನನ್ನ ಜೊತೆ ರೈಲಿನಲ್ಲಿ ಖಾನಾಪುರಕ್ಕೆ ಹೋದಳು, ಖಾಲಾ ಹಾಸಿಗೆ ಹಿಡಿದಿದ್ದಾರೆ, ನೋಡಬೇಕು ಎಂದು. ಕಂಬಿ ಹಿಡಿದು ತಾನೇ ಹತ್ತಿದಳು. ಸೀಟಿನಲ್ಲಿ ಕೂತಾಗ ಅವಳ ಪಾದ ನೆಲಕ್ಕೆ ಮುಟ್ಟುತ್ತಿರಲಿಲ್ಲ. ದೇಸೂರ ದಾಟಿದ ಮೇಲೆ ಗದ್ದೆಗಳು ಶುರುವಾದವು, ಕಾಲು ಸಣ್ಣಗೆ ತೂಗಾಡಿಸುತ್ತ ಹೊರಗೆ ನೋಡುತ್ತಿದ್ದಳು. ಸೀರೆಯ ಅಂಚಿನ ಕೆಳಗೆ ಒಂದಿಷ್ಟು ಹಸಿರು ಝಾಲರು ಕಾಣುತ್ತಿತ್ತು. ಸರಿಪಡಿಸಲು ಕೈ ಹಾಕಿದೆ, ಆಮೇಲೆ ಇರಲಿ ಎಂದು ಬಿಟ್ಟೆ. ಖಾಲಾ ಮಲಗಿದಲ್ಲಿಂದಲೇ ಕೈ ಚಾಚಿ ಮೊದಲು ಮುಟ್ಟಿದ್ದು ಆ ಝಾಲರನ್ನೇ. "ಇನ್ನೂ ನಗತೈತಿ ನೋಡ್," ಅಂದರು.

ಅವ್ವ ಮತ್ತೆ ಬೀಳಲಿಲ್ಲ. ನಾಲ್ಕು ದಿನದ ಜ್ವರ ಬಂದು ತನ್ನ ಹಾಸಿಗೆಯಲ್ಲೇ ಹೋದಳು. ಜ್ವರ ಬರುವ ಹಿಂದಿನ ಸಂಜೆಯೂ ಕಟ್ಟೆಗೆ ಹೋಗಿ ಬಂದಿದ್ದಳು. ಇದನ್ನು ನಾನು ಬಹಳ ಮಂದಿಗೆ ಹೇಳಿದ್ದೇನೆ, ಹೇಳಿದಾಗಲೆಲ್ಲ ಎದೆಗೆ ತಂಪಾಗುತ್ತದೆ.

ಸೀರೆಗಳನ್ನು ತಂಗಿಯೂ ನಾನೂ ಬೇಕಾದವರಿಗೆ ಕೊಟ್ಟೆವು. ಹಸಿರು ಪರಕರವನ್ನು ಮಾತ್ರ ಯಾರಿಗೆ ಕೊಡುವುದು? ಅಷ್ಟು ಗಿಡ್ಡ ಪರಕರ ಯಾರಿಗೂ ಆಗುವುದಿಲ್ಲ ಎಂದು ತಂಗಿ ಅಂದಳು. ಅದು ನನ್ನ ಕಪಾಟಿನ ತಳದಲ್ಲಿ ಉಳಿಯಿತು.

ಈ ಜೂನ್‌ನಲ್ಲಿ ಮಳೆ ಹಿಡಿದ ದಿನ ಹೊಸ ಹುಡುಗಿಯರ ಕ್ಲಾಸಿಗೆ ಕೈನಿರಿಗೆ ತೋರಿಸಲೆಂದು ಅದನ್ನು ಹೊರಗೆ ತೆಗೆದೆ. ಓಣಿಯಲ್ಲಿ ಹೊಸ ದಪ್ತರ ಹೊತ್ತ ಮಕ್ಕಳು ಸಾಲಿಗೆ ಹೊರಟಿದ್ದವು. ಸಾಲಿ ಸುರು ಆದಮ್ಯಾಲೆ ಬಿಚ್ಚೂಣು ಅಂದದ್ದು ನೆನಪಾಯಿತು. ಹುಡುಗಿಯರು ಬರಲು ಇನ್ನೂ ಹೊತ್ತಿತ್ತು. ಒಳಗೆ ಹೋಗಿ ಪರಕರ ಉಟ್ಟೆ. ಮೊಣಕಾಲಿನ ಕೆಳಗೆ ಬಂದು ನಿಂತಿತು, ಸಾಲಿಯ ಹುಡುಗಿಯ ಹಾಗೆ. ಬಗ್ಗಿ ಕೆಳಗಿನ ಹೂಗಂಟು ಬಿಚ್ಚಿ, ತುದಿ ಹಿಡಿದು ಎಳೆದೆ. ಮೆಲ್ಲಗೆ ಎಳೆಯಬೇಕೆಂದುಕೊಂಡಿದ್ದೆ, ಆಗಲಿಲ್ಲ. ದಾರ ಕಾಲಿನ ಸುತ್ತ ಓಡಿ ಬಂತು, ಅವಳು ಹಾಕಿದ ಅರ್ಧ ಯಾವುದು, ನಾನು ಹಾಕಿದ ಅರ್ಧ ಯಾವುದು ತಿಳಿಯಲೇ ಇಲ್ಲ. ಎರಡನೆಯದನ್ನೂ ಎಳೆದೆ. ಧೊಪ್ಪನೆ ಇಳಿಯಿತು. ಮಾಸಿದ ಹಸಿರಿನ ನಡುವೆ ಎರಡು ಗಾಢ ಪಟ್ಟೆ, ಪೇಟೆಯಲ್ಲಿ ಅವಳ ಜೊತೆ ನಿಂತು ಆರಿಸಿದ ದಿನದ ಗಿಣಿ ಹಸಿರು.

ಕನ್ನಡಿಯಲ್ಲಿ ನೋಡಿದೆ. ಝಾಲರು ಸರಿಯಾಗಿ ನನ್ನ ಪಾದದ ಗಂಟಿನ ಮೇಲೆ ಬಂದು ನಿಂತಿತ್ತು. ಹೆಚ್ಚಿಲ್ಲ, ಕಡಿಮೆಯಿಲ್ಲ. ಅವ್ವ ತನ್ನ ಅಳತೆಗೆ ಹೊಲಿದುಕೊಂಡದ್ದು ಅದು, ತಂಗಿಯ ಮದುವೆಯ ವರ್ಷ. ಅಂದರೆ ಆಗ ಅವಳು ನನ್ನಷ್ಟೇ ಎತ್ತರ ಇದ್ದಳು. ನಾನು ಅವಳನ್ನು ಮೀರಿಸಿರಲೇ ಇಲ್ಲ. ಮಿಷನ್ನಿನ ಮುಂದೆ ಬಗ್ಗಿ, ಒಲೆಯ ಮುಂದೆ ಬಗ್ಗಿ, ನಮ್ಮ ಅಂಚು ಅಳೆಯಲು ನೆಲದ ಮೇಲೆ ಕೂತಿದ್ದವಳನ್ನು ನೆಟ್ಟಗೆ ನಿಲ್ಲಿಸಿ ನೋಡುವ ಪುರಸೊತ್ತು ನಮ್ಮಲ್ಲಿ ಯಾರಿಗೂ ಇರಲಿಲ್ಲ. ಕನ್ನಡಿಯ ಮುಂದೆ ನಿಂತು ಅತ್ತೆ. ಹುಡುಗಿಯರು ಬಂದು ಕರೆಗಂಟೆ ಒತ್ತುತ್ತಿದ್ದರು, ಒತ್ತಲಿ ಎಂದು ಬಿಟ್ಟೆ.

ಪಟ್ಟೆಗಳ ಮೇಲೆ ಝಾಲರು ಹಚ್ಚಲಿಲ್ಲ. ಹಾಗೇ ಇರಲಿ, ಸೀರೆಯ ಒಳಗೆ ಇರುವಂಥದ್ದು, ನೋಡುವವಳು ನಾನೊಬ್ಬಳೇ. ಸಂಜೆ ಮಳೆ ಬಿಟ್ಟ ಮೇಲೆ ಅದನ್ನುಟ್ಟುಕೊಂಡು ಕಟ್ಟೆಯ ತನಕ ಹೋಗಿ ಬರೋಣ ಎಂದು ಹೊರಟೆ. ಗೇಟಿನ ಮೆಟ್ಟಿಲು ಇಳಿಯುವಾಗ ನನ್ನ ಕೈ ತಾನಾಗಿಯೇ ಪಕ್ಕಕ್ಕೆ ಹೋಯಿತು, ಅವ್ವನ ಮೊಣಕೈ ಹಿಡಿಯಲು.